ನಾಲ್ಕು ತಗಡಿನ ಬೆಲೆ



ಹಿಂದಿ ಚಲನಚಿತ್ರಕ್ಕೆ ಬಡವನ ಗುಡಿಸಲು ಹೊಸದೇನಲ್ಲ. 1953ರಲ್ಲಿ ಬಂದ ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’ನಲ್ಲಿ ಸಾಲಕ್ಕೆ ಸಿಕ್ಕ ರೈತನೊಬ್ಬ ಕಲ್ಕತ್ತೆಯ ಬಸ್ತಿ ಸೇರಿ ರಿಕ್ಷಾ ಎಳೆಯುತ್ತಾನೆ. 1955ರ ‘ಶ್ರೀ 420’ರಲ್ಲಿ ರಾಜ್ ಕಪೂರ್ ಬೊಂಬಾಯಿಯ ಫುಟ್‌ಪಾತ್ ವಾಸಿಗಳ ನಡುವೆ ಜಾಗ ಹುಡುಕುತ್ತಾರೆ. 1963ರಲ್ಲಿ ಕೆ.ಎ. ಅಬ್ಬಾಸ್ ಅವರು ‘ಶಹರ್ ಔರ್ ಸಪ್ನಾ’ ತೆಗೆದು, ಮನೆ ಸಿಗದ ಎಳೆಯ ಜೋಡಿಯೊಂದನ್ನು ದೊಡ್ಡ ಕೊಳವೆಯೊಳಗೆ ಸಂಸಾರ ಹೂಡಿಸಿದರು. ಆ ಚಿತ್ರಕ್ಕೆ ರಾಷ್ಟ್ರಪತಿಗಳ ಚಿನ್ನದ ಪದಕವೂ ಬಂತು.

ಈ ಚಿತ್ರಗಳಲ್ಲೆಲ್ಲ ಕಷ್ಟವಿತ್ತು, ಕಣ್ಣೀರಿತ್ತು. ಆದರೆ ಸ್ವಾತಂತ್ರ್ಯ ಬಂದ ಹೊಸತು. ಇಂದಲ್ಲ ನಾಳೆ ಎಲ್ಲರಿಗೂ ಒಂದು ಸೂರು ದೊರಕೀತು ಎಂಬ ಆಸೆ ಇನ್ನೂ ಬತ್ತಿರಲಿಲ್ಲ. 1981ರಲ್ಲಿ ತೆರೆ ಕಂಡ ‘ಚಕ್ರ’ದ ಹೊತ್ತಿಗೆ ಆ ಆಸೆ ಬಹುಮಟ್ಟಿಗೆ ಕರಗಿತ್ತು. ಈ ಚಿತ್ರದಲ್ಲಿ ಕೊಳೆಗೇರಿ ದಾರಿಯ ನಡುವಿನ ತಂಗುದಾಣವಲ್ಲ. ಹುಟ್ಟು, ಮದುವೆ, ಬಸಿರು, ಜೈಲು, ಸಾವು ಎಲ್ಲವೂ ಅಲ್ಲೇ ನಡೆಯುತ್ತವೆ. ಕೊನೆಗೆ ಆ ಜಾಗವೂ ಉಳಿಯುವುದಿಲ್ಲ.

‘ಚಕ್ರ’ದ ಮೂಲ ಮರಾಠಿ ಲೇಖಕ ಜಯವಂತ ದಳವಿ ಅವರ ಅದೇ ಹೆಸರಿನ ಕಾದಂಬರಿ. ನಿರ್ದೇಶಕ ರವೀಂದ್ರ ಧರ್ಮರಾಜ್. ಇದು ಅವರ ಮೊದಲ ಕಥಾಚಿತ್ರ, ಕೊನೆಯದೂ ಹೌದು. ಚಿತ್ರ ಬಿಡುಗಡೆಯಾದ ವರ್ಷವೇ ಅವರು ತೀರಿಕೊಂಡರು. ಕಲಾ ನಿರ್ದೇಶನ ಬನ್ಸಿ ಚಂದ್ರಗುಪ್ತ ಅವರದು. ‘ಪಥೇರ್ ಪಾಂಚಾಲಿ’ಯಲ್ಲಿ ಸತ್ಯಜಿತ್ ರಾಯ್ ಅವರಿಗೆ ಆ ಹಳೆಯ ಮನೆಯನ್ನು ರೂಪಿಸಿಕೊಟ್ಟ ಕಲಾವಿದ ಇವರೇ. 1981ರ ಜೂನ್ ತಿಂಗಳಲ್ಲಿ ಅವರೂ ತೀರಿಕೊಂಡರು. ಆ ವರ್ಷ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ‘ಚಕ್ರ’ಕ್ಕೆ ಅಗ್ರ ಪ್ರಶಸ್ತಿಯಾದ ‘ಚಿನ್ನದ ಚಿರತೆ’ ಸಂದಿತು. ನಾಯಕಿ ಸ್ಮಿತಾ ಪಾಟೀಲ್ ಅವರಿಗೆ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ಬಂತು.

ಕನ್ನಡಿಗರಿಗೆ ಸ್ಮಿತಾ ಅಪರಿಚಿತರಲ್ಲ. ಟಿ.ಎಸ್. ನಾಗಾಭರಣ ಅವರ ‘ಅನ್ವೇಷಣೆ’ಯಲ್ಲಿ ಅನಂತನಾಗ್ ಜೊತೆ ಅವರು ನಟಿಸಿದ್ದರು. ‘ಚಕ್ರ’ದ ಪಾತ್ರಕ್ಕಾಗಿ ಅವರು ಬೊಂಬಾಯಿಯ ಜೋಪಡಿಗಳಿಗೆ ಹೋಗಿ ಅಲ್ಲಿಯ ಹೆಂಗಸರ ನಡೆನುಡಿ ನೋಡಿ ಕಲಿತರು.

ಇನ್ನು ಕಥೆ. ಹಳ್ಳಿಯಲ್ಲಿ ಲೇವಾದೇವಿಗಾರನೊಬ್ಬ ಅಮ್ಮಾ ಎಂಬ ಹೆಣ್ಣಿನ ಮೇಲೆ ಕೈಹಾಕಲು ಬರುತ್ತಾನೆ. ಗಂಡ ಅವನನ್ನು ಕೊಲ್ಲುತ್ತಾನೆ. ಗಂಡ, ಹೆಂಡತಿ, ಮಗ ಮೂವರೂ ರಾತ್ರೋರಾತ್ರಿ ಊರು ಬಿಟ್ಟು ಬೊಂಬಾಯಿ ಸೇರುತ್ತಾರೆ. ಅಲ್ಲಿ ಜೋಪಡಿ ಕಟ್ಟಬೇಕು. ಕಟ್ಟಲು ತಗಡು ಬೇಕು. ಕೊಳ್ಳಲು ದುಡ್ಡಿಲ್ಲ. ತಗಡು ಕದಿಯಲು ಹೋದ ಗಂಡ ಗುಂಡೇಟಿಗೆ ಸಿಕ್ಕಿ ಸಾಯುತ್ತಾನೆ.

ಇಷ್ಟು ನಡೆಯುವುದು ಕಥೆಯ ಆರಂಭದಲ್ಲೇ. ನಾಲ್ಕು ತಗಡಿಗೆ ಒಂದು ಜೀವ. ಚಿತ್ರ ಇಲ್ಲಿ ನಿಂತು ಗೋಳಾಡುವುದಿಲ್ಲ. ಅಮ್ಮಾ ಮಗನನ್ನು ಸಾಕಬೇಕು, ಸಾಕುತ್ತಾಳೆ. ಮಗ ಬೆನ್ವಾ ಬೆಳೆಯುತ್ತಾನೆ. ನಾಸಿರುದ್ದೀನ್ ಷಾ ಅಭಿನಯಿಸಿದ ಲೂಕಾ ಎಂಬ ಪುಂಡ ಆ ಹುಡುಗನ ಪಾಲಿಗೆ ದೊಡ್ಡ ಶೂರ. ಅಮ್ಮಾಳ ಬದುಕಿನಲ್ಲಿ ಲೂಕಾನೂ ಇದ್ದಾನೆ; ಆಗಾಗ ಬಂದು ಹೋಗುವ ಅಣ್ಣಾ ಎಂಬ ಲಾರಿ ಚಾಲಕನೂ ಇದ್ದಾನೆ. ಆ ಪಾತ್ರ ಕುಲಭೂಷಣ್ ಖರ್ಬಂದಾ ಅವರದು. ಅಣ್ಣಾನಿಂದ ಅವಳು ಬಸಿರಾಗುತ್ತಾಳೆ. ಮಗನಿಗೂ ಮದುವೆಯಾಗುತ್ತದೆ. ಇನ್ನೇನು ಸಂಸಾರ ಒಂದು ದಡ ಸೇರಿತು ಎನ್ನುವಷ್ಟರಲ್ಲಿ, ರೋಗದಿಂದ ಜರ್ಜರಿತನಾದ ಲೂಕಾ ಔಷಧಕ್ಕಾಗಿ ಅಂಗಡಿಯವನನ್ನು ಕೊಂದು ಅವಳ ಜೋಪಡಿಯಲ್ಲಿ ಬಂದು ಅವಿತುಕೊಳ್ಳುತ್ತಾನೆ. ಬೆನ್ನ ಹಿಂದೆಯೇ ಪೊಲೀಸರು ಬರುತ್ತಾರೆ. ಲೂಕಾನ ಜೊತೆ ಬೆನ್ವಾನನ್ನೂ ಎಳೆದೊಯ್ಯುತ್ತಾರೆ. ಆ ಗಲಾಟೆಯಲ್ಲಿ ಅಮ್ಮಾಳ ಹೊಟ್ಟೆಯಲ್ಲಿದ್ದ ಕೂಸು ಉಳಿಯುವುದಿಲ್ಲ. ಕೊನೆಗೆ ಬುಲ್‌ಡೋಜರ್ ಬಂದು ಜೋಪಡಿಗಳನ್ನೆಲ್ಲ ನೆಲಸಮ ಮಾಡುತ್ತದೆ.

ಚಿತ್ರ ನೋಡಿದ ಹಲವರು ಅಂದು ಕೇಳಿದ ಪ್ರಶ್ನೆ, ‘ಇಷ್ಟೊಂದು ಕತ್ತಲೆ ಬೇಕಿತ್ತೆ?’ ಎಂಬುದು. ಇದಕ್ಕೆ ಉತ್ತರ ಅದೇ ವರ್ಷ ಬೊಂಬಾಯಿಯ ಬೀದಿಯಲ್ಲಿ ದೊರಕಿತು. 1981ರ ಜುಲೈ 13ರಂದು ಮಹಾರಾಷ್ಟ್ರದ ಆಗಿನ ಮುಖ್ಯಮಂತ್ರಿ ಎ.ಆರ್. ಅಂತುಳೆ ಅವರು, ನಗರದ ಫುಟ್‌ಪಾತ್ ವಾಸಿಗಳನ್ನು ತೆರವು ಮಾಡಿಸಿ ಅವರವರ ಊರಿಗೆ ಸಾಗಹಾಕುವುದಾಗಿ ಪ್ರಕಟಿಸಿದರು. ಅದು ಹೇಳಿಕೇಳಿ ಮಳೆಗಾಲ. ಗುಡಿಸಲುಗಳು ಉರುಳಿದವು. ಜನರನ್ನು ಬಸ್ಸುಗಳಿಗೆ ಹತ್ತಿಸಲಾಯಿತು.

ಪತ್ರಕರ್ತೆ ಓಲ್ಗಾ ಟೆಲಿಸ್ ಹಾಗೂ ಇತರರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಫುಟ್‌ಪಾತ್ ಮತ್ತು ಜೋಪಡಿಗಳಲ್ಲಿ ವಾಸಿಸುತ್ತಿದ್ದವರೂ ಅರ್ಜಿದಾರರಾದರು. ಅವರಲ್ಲಿ ಒಬ್ಬನ ಕಥೆ ತೀರ್ಪಿನಲ್ಲೇ ದಾಖಲಾಗಿದೆ. ಅದನ್ನು ಓದಿದರೆ ‘ಚಕ್ರ’ದ ಚಿತ್ರಕಥೆಯ ಇನ್ನೊಂದು ಪುಟದಂತೆ ತೋರುತ್ತದೆ. ಆತ ತಮಿಳುನಾಡಿನ ಸೇಲಂ ಕಡೆಯ ಭೂಹೀನ ಕೂಲಿ. ಬರಗಾಲದಲ್ಲಿ ಕೂಲಿಯೂ ಇಲ್ಲದಾಗಿ 1961ರಲ್ಲಿ ಬೊಂಬಾಯಿಗೆ ಬಂದ. ದಹಿಸರ್‌ನ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ದಿನಕ್ಕೆ 23 ರೂಪಾಯಿ ಕೂಲಿ ಸಿಕ್ಕಿತು. ಹೆದ್ದಾರಿ ಬದಿಯ ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಹಾಳೆ ಮತ್ತು ಕ್ಯಾನ್‌ವಾಸ್ ಬಟ್ಟೆಯ ಒಂದು ಗೂಡು. ಅದಕ್ಕೆ ಆ ಭಾಗದ ದಾದಾ ವಸೂಲು ಮಾಡಿದ್ದು 2,500 ರೂಪಾಯಿ. ಹೆಂಡತಿ, ಮೂವರು ಹೆಣ್ಣುಮಕ್ಕಳ ಸಂಸಾರ ಆ ಗೂಡಿನಲ್ಲಿ ನಡೆಯುತ್ತಿತ್ತು.

ಸ್ವಲ್ಪ ಲೆಕ್ಕ ಹಾಕಿ ನೋಡಿ. ದಿನಕ್ಕೆ 23 ರೂಪಾಯಿಯಂತೆ 2,500 ಕೂಡಿಸಲು ಸುಮಾರು 109 ದಿನ ದುಡಿಯಬೇಕು. ಆ ಅಷ್ಟೂ ದಿನ ಮನೆಮಂದಿ ಒಂದು ಹೊತ್ತೂ ಉಣ್ಣಬಾರದು. ಜೋಪಡಿಯವರು ಪುಕ್ಕಟೆ ಜಾಗದಲ್ಲಿ ಕುಳಿತಿದ್ದಾರೆ ಎನ್ನುವ ಮಾತು ಎಲ್ಲ ನಗರಗಳಲ್ಲೂ ಕೇಳಿಬರುತ್ತದೆ. ಪುಕ್ಕಟೆ ಎಂಬುದು ಅಲ್ಲಿ ಯಾವುದೂ ಇಲ್ಲ. ಕೊಟ್ಟ ದುಡ್ಡಿಗೆ ರಸೀದಿ ಇಲ್ಲ, ಅಷ್ಟೆ. ರಸೀದಿ ಇಲ್ಲದ್ದರಿಂದಲೇ ಬುಲ್‌ಡೋಜರ್ ಬಂದ ದಿನ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

1981ರ ಜುಲೈಯಲ್ಲಿ ಈ ಕುಟುಂಬವನ್ನೂ ಸೇಲಂ ಬಸ್ಸು ಹತ್ತಿಸಲಾಯಿತು. ಹೆಂಡತಿ, ಮಕ್ಕಳು ಊರಲ್ಲೇ ಉಳಿದರು. ಆತ ಮಾತ್ರ ಕೆಲಸ ಹುಡುಕಿಕೊಂಡು ಮತ್ತೆ ಬೊಂಬಾಯಿಗೆ ಬಂದು ಮತ್ತೆ ಫುಟ್‌ಪಾತ್ ಸೇರಿದ. ದಳವಿ ತಮ್ಮ ಕಾದಂಬರಿಗೆ ‘ಚಕ್ರ’ ಎಂದು ಏಕೆ ಹೆಸರಿಟ್ಟರು ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಡ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ದುಡಿಯುವ ಕೈಗಳಿಗೆ ನಗರದಲ್ಲಿ ಕೆಲಸವಿದೆ, ಮನೆ ಏಕಿಲ್ಲ? ಬೊಂಬಾಯಿಯಲ್ಲಿ ಒಂದು ಕಾಲಕ್ಕೆ ಗಿರಣಿ ಕಾರ್ಮಿಕರಿಗೆ ‘ಚಾಳ್’ಗಳಿದ್ದವು. ಒಂದೊಂದೇ ಕೋಣೆ, ಸಾಲು ಮನೆ, ಎಲ್ಲರಿಗೂ ಸೇರಿ ಒಂದು ನಲ್ಲಿ. ಎರಡನೆಯ ಮಹಾಯುದ್ಧದ ನಂತರ ಬಾಡಿಗೆ ವಿಪರೀತ ಏರದಂತೆ ತಡೆಯಲು 1947ರಲ್ಲಿ ಕಾನೂನು ಬಂತು. ಹಳೆಯ ಮನೆಗಳ ಬಾಡಿಗೆ 1940ರ ಮಟ್ಟಕ್ಕೇ ನಿಂತಿತು. ಒಳಗಿದ್ದವರಿಗೆ ಇದರಿಂದ ರಕ್ಷಣೆ ಸಿಕ್ಕಿದ್ದು ನಿಜ. ಆದರೆ ಬಡವರಿಗೆ ಬಾಡಿಗೆ ಮನೆ ಕಟ್ಟುವುದು ಲಾಭದ ಕಸುಬಲ್ಲ ಎಂದು ಹಣವಂತರು ಕೈಬಿಟ್ಟರು. ಸರ್ಕಾರ ಕಟ್ಟಿದ್ದು ಯಾವುದಕ್ಕೂ ಸಾಲಲಿಲ್ಲ. ಹೊಸದಾಗಿ ಬಂದವನ ಮುಂದೆ ಉಳಿದದ್ದು ರೈಲು ಹಳಿಯ ಪಕ್ಕ, ಚರಂಡಿಯ ದಂಡೆ, ಹೆದ್ದಾರಿಯ ಅಂಚು.

ಊರ ಹೊರಗೆ ದೂರದಲ್ಲಿ ಜಾಗ ಕೊಟ್ಟರಾಗದೆ ಎಂದು ಕೇಳಬಹುದು. ಮನೆಗೆಲಸದವಳು, ಹಮಾಲಿ, ಕಟ್ಟಡದ ಕೂಲಿ ಬೆಳಗಾಗುತ್ತಲೇ ಕೆಲಸದ ಜಾಗದಲ್ಲಿರಬೇಕು. ದಿನದ ಕೂಲಿಯಲ್ಲಿ ಅರ್ಧ ಬಸ್ಸಿಗೇ ಹೋದರೆ ಒಲೆ ಉರಿಯುವುದಿಲ್ಲ. ಈ ಸರಳ ಸತ್ಯವನ್ನು ಸುಪ್ರೀಂ ಕೋರ್ಟ್ ಒಪ್ಪಿಕೊಂಡಿತು.

ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ನೇತೃತ್ವದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 1985ರ ಜುಲೈ 10ರಂದು ತೀರ್ಪು ನೀಡಿತು. ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಪೀಠ ಹೇಳಿತು. ಬದುಕಿನ ದಾರಿಯನ್ನೇ ಕಿತ್ತುಕೊಂಡರೆ ಬದುಕುವ ಹಕ್ಕಿಗೆ ಅರ್ಥವೇನು ಎಂಬುದು ಅದರ ತಾತ್ಪರ್ಯ. ಈ ಮಾತು ಭಾರತದ ನ್ಯಾಯಶಾಸ್ತ್ರದಲ್ಲಿ ಮೈಲಿಗಲ್ಲಾಯಿತು.

ಆದರೆ ತೀರ್ಪಿಗೆ ಇನ್ನೊಂದು ಮುಖವೂ ಉಂಟು. ಸಾರ್ವಜನಿಕ ಫುಟ್‌ಪಾತನ್ನು ಆಕ್ರಮಿಸುವ ಹಕ್ಕು ಯಾರಿಗೂ ಇಲ್ಲ ಎಂದೂ ಪೀಠ ಹೇಳಿತು. ನೋಟಿಸ್ ಇಲ್ಲದೆ ಒತ್ತುವರಿ ತೆರವು ಮಾಡಲು ಅವಕಾಶವಿದ್ದ ನಗರಪಾಲಿಕೆ ಕಾಯಿದೆಯ 314ನೇ ಕಲಮನ್ನು ರದ್ದುಗೊಳಿಸಲಿಲ್ಲ. ಸಾಮಾನ್ಯವಾಗಿ ನೋಟಿಸ್ ಕೊಟ್ಟು, ಅವರ ಮಾತು ಕೇಳಿಯೇ ಮುಂದುವರಿಯಬೇಕು ಎಂದು ವಿವರಿಸಿತು. 1976ರ ಜೋಪಡಿ ಗಣತಿಯಲ್ಲಿ ಗುರುತಿನ ಚೀಟಿ ಪಡೆದವರಿಗೆ ಬದಲಿ ಜಾಗ ಕೊಡಬೇಕು. ಮಳೆಗಾಲ ಕಳೆದು ಅಕ್ಟೋಬರ್ 31ರವರೆಗೆ ಫುಟ್‌ಪಾತ್ ವಾಸಿಗಳನ್ನು ಎಬ್ಬಿಸಬಾರದು ಎಂದಿತು. ಹಕ್ಕು ದೊಡ್ಡದಾಗಿ ಸಿಕ್ಕಿತು. ಸೂರು ಮಾತ್ರ ಚೀಟಿ ಇದ್ದವನಿಗೆ ಸಿಕ್ಕಿತು. ಚೀಟಿ ಮತ್ತು ತಾರೀಖು ಅಲ್ಲಿಂದ ಮುಂದೆ ಬೊಂಬಾಯಿಯ ಬಡವರ ಹಣೆಬರಹವಾಯಿತು. ಆ ತಾರೀಖಿನ ಗೆರೆ 1976ರಿಂದ ಮುಂದೆ ಮುಂದೆ ಸರಿದು 1995ಕ್ಕೂ, ಬಳಿಕ 2000ಕ್ಕೂ ಬಂತು.

ಸಿನಿಮಾದ ಮಾತಿಗೆ ಮರಳೋಣ. ‘ಚಕ್ರ’ದಲ್ಲಿ ಅಮ್ಮಾ ಬಯಲಲ್ಲೇ ನೀರು ಹೊಯ್ದುಕೊಂಡು ಸ್ನಾನ ಮಾಡುವ ದೃಶ್ಯವಿದೆ. ಬಚ್ಚಲೇ ಇಲ್ಲದ ಕೇರಿಯಲ್ಲಿ ಹೆಣ್ಣು ಇನ್ನೆಲ್ಲಿ ಮೀಯಬೇಕು? ಚಿತ್ರದೊಳಗೆ ಅದು ಬದುಕಿನ ಒಂದು ಸಂಗತಿ, ಬಂದು ಹೋಗುತ್ತದೆ. ಆದರೆ ಜಾಹೀರಾತಿನವರು ಅದೇ ದೃಶ್ಯವನ್ನು ದೊಡ್ಡದು ಮಾಡಿ ಪೋಸ್ಟರಿಗೆ ಹಾಕಿದರು. ಚಿತ್ರದಲ್ಲಿ ಅರ್ಥವಿರುವ ದೃಶ್ಯ ಪೋಸ್ಟರಿನಲ್ಲಿ ಮಾರಾಟದ ಸರಕಾಗುತ್ತದೆ ಎಂದು ಸ್ಮಿತಾ ಆಕ್ಷೇಪಿಸಿದರು. 1986ರ ಡಿಸೆಂಬರ್‌ನಲ್ಲಿ 31ರ ವಯಸ್ಸಿಗೇ ಅವರು ತೀರಿಕೊಂಡರು. ಅವರು ಎತ್ತಿದ ಪ್ರಶ್ನೆ ಮಾತ್ರ ಕೊಳೆಗೇರಿಯ ಬಗ್ಗೆ ಬಂದ ಪ್ರತಿಯೊಂದು ಚಿತ್ರವನ್ನೂ ಬೆನ್ನಟ್ಟಿದೆ. ಬಡವರ ಬದುಕನ್ನು ತೋರಿಸುವುದು ಯಾವಾಗ ತಿಳಿವಳಿಕೆ, ಯಾವಾಗ ವ್ಯಾಪಾರ?

1985ರಲ್ಲಿ ಆನಂದ ಪಟವರ್ಧನ್ ಜೋಪಡಿ ತೆರವನ್ನೇ ವಸ್ತುವಾಗಿಸಿ ‘ಹಮಾರಾ ಶಹರ್’ ಎಂಬ ಸಾಕ್ಷ್ಯಚಿತ್ರ ತೆಗೆದರು. ಮರುವರ್ಷ ಸಂಜಯ ಗಾಂಧಿ ನಗರದ ಜೋಪಡಿಗಳು ನೆಲಸಮವಾದಾಗ ಅವರೂ ನಟಿ ಶಬಾನಾ ಆಜ್ಮಿಯವರೂ ನಿವಾಸಿಗಳ ಜೊತೆ ಉಪವಾಸ ಕುಳಿತರು. ಕೊನೆಗೆ ಗೋರೆಗಾಂವ್‌ನಲ್ಲಿ ಬದಲಿ ಜಾಗ ದೊರಕಿತು. 1988ರಲ್ಲಿ ಮೀರಾ ನಾಯರ್ ‘ಸಲಾಂ ಬಾಂಬೆ’ಯಲ್ಲಿ ಬೀದಿಯ ಮಕ್ಕಳಿಂದಲೇ ಅಭಿನಯ ಮಾಡಿಸಿದರು; ಆ ಚಿತ್ರದ ಬೆನ್ನಿಗೇ ಬೀದಿ ಮಕ್ಕಳಿಗಾಗಿ ‘ಸಲಾಂ ಬಾಲಕ್ ಟ್ರಸ್ಟ್’ ಹುಟ್ಟಿತು. 1992ರಲ್ಲಿ ಸುಧೀರ್ ಮಿಶ್ರಾ ‘ಧಾರಾವಿ’ ತೆಗೆದರು. 2009ರಲ್ಲಿ ‘ಸ್ಲಮ್‌ಡಾಗ್ ಮಿಲಿಯನೇರ್’ಗೆ ಎಂಟು ಆಸ್ಕರ್ ಬಂದಾಗ ಆ ಹೆಸರಿನಲ್ಲಿದ್ದ ‘ನಾಯಿ’ ಎಂಬ ಪದವೇ ಕೇರಿಯ ಜನರನ್ನು ಕೆರಳಿಸಿತು.

ಪದದ ಮಾತು ಬಂದಾಗ ನಮ್ಮ ಕನ್ನಡವನ್ನೂ ನೋಡಿಕೊಳ್ಳಬೇಕು. ‘ಜೋಪಡಪಟ್ಟಿ’ ಎಂದರೆ ಜೋಪಡಿಗಳ ಸಾಲು. ಅದು ಮನೆಯನ್ನು ಹೇಳುತ್ತದೆ. ನಮ್ಮ ‘ಕೊಳೆಗೇರಿ’ ಕೊಳೆಯನ್ನು ಹೇಳುತ್ತದೆ. ಕರ್ನಾಟಕದಲ್ಲಿ 1973ರ ಕಾಯಿದೆಯಡಿ 1975ರಲ್ಲಿ ರಚನೆಯಾದದ್ದು ‘ಕೊಳಚೆ ನಿರ್ಮೂಲನಾ ಮಂಡಳಿ’. ಕೊಳಚೆಯ ನಿರ್ಮೂಲನವೋ, ಅಲ್ಲಿ ಇರುವವರ ನಿರ್ಮೂಲನವೋ ಎಂಬ ಗುಮಾನಿ ಆ ಹೆಸರಿನಲ್ಲೇ ಇತ್ತು. ಈಗ ಅದು ‘ಅಭಿವೃದ್ಧಿ ಮಂಡಳಿ’. ಹೆಸರು ಬದಲಾದದ್ದು ಸಣ್ಣ ಸಂಗತಿಯಲ್ಲ. ಆದರೆ ಹೆಸರಿಗೆ ತಕ್ಕಂತೆ ನಲ್ಲಿ, ಚರಂಡಿ, ಹಕ್ಕುಪತ್ರ ಬಂದಿವೆಯೇ ಎಂಬುದನ್ನು ಒಂದೊಂದು ಕೇರಿಯಲ್ಲೂ ಕೇಳಿಯೇ ತಿಳಿಯಬೇಕು.

2011ರ ಜನಗಣತಿಯ ಪ್ರಕಾರ ದೇಶದ ಕೊಳೆಗೇರಿಗಳಲ್ಲಿ ಸುಮಾರು ಆರೂವರೆ ಕೋಟಿ ಜನರಿದ್ದರು. ಮುಂಬಯಿಯಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಅಲ್ಲಿಯವರೇ.

ಇನ್ನೊಂದು ಸಂಗತಿ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್, ಬುಲ್‌ಡೋಜರ್‌ನಿಂದ ಮನೆ ಕೆಡವುವ ಬಗ್ಗೆ ಕಟ್ಟುನಿಟ್ಟಿನ ನಿಯಮಗಳನ್ನು ವಿಧಿಸಿತು. 15 ದಿನಗಳ ನೋಟಿಸ್ ಕೊಡಬೇಕು, ಮನೆಯವರ ಮಾತು ಕೇಳಬೇಕು, ತಪ್ಪಿದರೆ ಅಧಿಕಾರಿಯೇ ಹೊಣೆ. ಸ್ವಾಗತಾರ್ಹ ತೀರ್ಪು. ಆದರೆ ರಸ್ತೆ, ಫುಟ್‌ಪಾತ್, ರೈಲು ಹಳಿಯ ಅಂಚು, ಕೆರೆ ಹೊಳೆಗಳ ಜಾಗದಲ್ಲಿರುವ ಅನಧಿಕೃತ ಕಟ್ಟಡಗಳಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ ಎಂದು ಅದೇ ತೀರ್ಪು ಹೇಳಿದೆ. ಅಮ್ಮಾಳಂಥವರು ತಗಡು ನಿಲ್ಲಿಸುವುದು ಹೆಚ್ಚಾಗಿ ಅಂಥ ಜಾಗಗಳಲ್ಲೇ.

ಸಾರ್ವಜನಿಕ ಜಾಗ ಸಾರ್ವಜನಿಕರದಾಗಿಯೇ ಉಳಿಯಬೇಕು, ನಡೆಯುವವರಿಗೆ ದಾರಿ ಬೇಕು. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಎಬ್ಬಿಸಿದವನು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಉತ್ತರ ಸಿದ್ಧವಿಲ್ಲದಿದ್ದರೆ ಅವನು ಸೇಲಂ ಬಸ್ಸಿನಿಂದ ಇಳಿದು ಮತ್ತೊಂದು ಫುಟ್‌ಪಾತಿಗೇ ಬರುತ್ತಾನೆ. ‘ಚಕ್ರ’ವನ್ನು ನೋಡುವ ಅವಕಾಶ ಸಿಕ್ಕಾಗ ಅಮ್ಮಾಳ ಗಂಡ ತಗಡಿಗೆ ಕೈಚಾಚುವ ಆ ಆರಂಭದ ಭಾಗವನ್ನು ಗಮನವಿಟ್ಟು ನೋಡಿ. ಅವನು ಮಹಲು ಬೇಡಲಿಲ್ಲ. ಮಳೆ ಸೋರದಂತೆ ಒಂದು ಹೊದಿಕೆ ಬೇಕಿತ್ತು, ಅಷ್ಟೆ.