ಸೂಜಿಯನ್ನು ಬೈಯಬೇಡಿ

ಚರ್ಮ ಹೊಲಿಯುವ ಹಳೆಯ ಯಂತ್ರದಲ್ಲಿ ಸೂಜಿ ಪದೇ ಪದೇ ಮುರಿದರೆ ಎಲ್ಲರೂ ಬೈಯುವುದು ಸೂಜಿಯನ್ನೇ. ಎಷ್ಟೋ ಸಲ ತಪ್ಪಿರುವುದು ಒಳಗೆ ಅಡಗಿ ಕೂತ ಬುಷ್ಷಿನಲ್ಲಿ, ಅಂದರೆ ಸೂಜಿಯ ದಂಡವನ್ನು ನೇರವಾಗಿ ಹಿಡಿದಿಡುವ ಲೋಹದ ಬಳೆಯಲ್ಲಿ.

ಹೊಲಿಗೆ ಯಂತ್ರದ ಕಥೆ ಹಳೆಯದು: 1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟ್ ಪಡೆದ, 1851ರಲ್ಲಿ ಐಸಾಕ್ ಸಿಂಗರ್ ಬಂದ, ಆಮೇಲೆ ಕೋರ್ಟು ಕಚೇರಿ, ಅದೆಲ್ಲ ಇರಲಿ. ನನಗೆ ಪ್ರೀತಿ ಲೈಮನ್ ಬ್ಲೇಕ್ ಮೇಲೆ. ಮ್ಯಾಸಚೂಸೆಟ್ಸ್‌ನ ಬೂಟಿನ ಕಸುಬಿನವನು. ಅಟ್ಟೆ ಹೊಲಿಯಬೇಕಾದರೆ ಯಂತ್ರದ ತೋಳು ಬೂಟಿನೊಳಕ್ಕೇ ಹೋಗಬೇಕು ಎಂದು ಹೊಳೆದದ್ದು ಅವನಿಗೆ. 1858ರಲ್ಲಿ ಪೇಟೆಂಟ್ ಸಿಕ್ಕಿತು. ಟೊಳ್ಳು ತೋಳಿನ ತುದಿಯಲ್ಲಿ ದಾರ ಕಾದಿರುತ್ತದೆ. ಹೊರಗಿನಿಂದ ಕೊಕ್ಕೆ ಸೂಜಿ ಅಟ್ಟೆಯನ್ನು ತೂರಿ ಇಳಿದು, ದಾರ ಹಿಡಿದು, ಕುಣಿಕೆ ಎಳೆದುಕೊಂಡು ಮೇಲೇಳುತ್ತದೆ. ಎಂಥಾ ಬುದ್ಧಿ! ಹಕ್ಕು ಕೊಂಡ ಗಾರ್ಡನ್ ಮೆಕೇ ಶ್ರೀಮಂತನಾದ. ಬ್ಲೇಕ್ ಮಾತ್ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಊರೂರಿನ ಬೂಟು ಕಾರ್ಖಾನೆಗಳಿಗೆ ಹೋಗಿ ಯಂತ್ರ ಕೂರಿಸಿದ, ಆಳುಗಳಿಗೆ ಕೆಲಸ ಕಲಿಸಿದ. ಕಂಡುಹಿಡಿದವನೇ ಫಿಟ್ಟರ್ ಆದ.

ಬ್ಲೇಕ್‌ನ ಯಂತ್ರ ಕಾರ್ಖಾನೆಗಳದ್ದಾದರೆ, ರಿಪೇರಿ ಅಂಗಡಿಗಳಿಗೆ ಬಂದದ್ದು ಸಿಂಗರ್ 29ಕೆ ಎಂಬ ಚರ್ಮ ಹೊಲಿಯುವ ಯಂತ್ರ. ಸ್ಕಾಟ್ಲೆಂಡಿನ ಕಿಲ್ಬೋವಿ ಕಾರ್ಖಾನೆಯ ಕೂಸು. ಸಪೂರ ತೋಳು, ಸುತ್ತಲೂ ತಿರುಗುವ ಪಾದ. ಬೂಟನ್ನು ತಿರುಗಿಸದೆ ಯಾವ ದಿಕ್ಕಿಗಾದರೂ ಹೊಲಿಯಬಹುದು. 1980ರಲ್ಲಿ ಆ ಕಾರ್ಖಾನೆ ಮುಚ್ಚಿತು. ಯಂತ್ರಗಳು ಉಳಿದವು, ಬುಷ್ ಕೂರಿಸುವ ಕೈಗಳು ಕಮ್ಮಿಯಾದವು. ಆ ಸಂಕಟ ನನಗಿನ್ನೂ ಇದೆ.

ಸೂಜಿಯನ್ನು ಕಚ್ಚಿ ಹಿಡಿದ ದಂಡ ಬುಷ್ಷಿನೊಳಗೆ ಮೇಲೆ ಕೆಳಗೆ ಓಡಾಡುತ್ತದೆ. ಪ್ರತಿ ಸುತ್ತಿಗೂ ದಂಡಕ್ಕೆ ಒಂದಿಷ್ಟು ಪಕ್ಕದ ಒತ್ತಡ. ವರ್ಷಗಟ್ಟಲೆ ಹೀಗೇ ಆದರೆ ಬುಷ್ಷಿನ ತೂತು ಮೊಟ್ಟೆಯಾಕಾರಕ್ಕೆ ಸವೆಯುತ್ತದೆ. ಆಗ ಸೂಜಿ ಕೂದಲೆಳೆಯಷ್ಟು ವಾಲುತ್ತದೆ. ಕೆಳಗಿನ ದಾರ ಹೊತ್ತ ಶಟಲ್ಲಿನ ಮೊನೆಗೆ ಕುಣಿಕೆ ಸಿಗದೆ ತಪ್ಪಿಹೋಗುತ್ತದೆ, ಹೊಲಿಗೆ ಹಾರುತ್ತದೆ. ಇನ್ನೂ ವಾಲಿದರೆ ಸೂಜಿ ಇಳಿಯುವ ತೂತಿನ ತಗಡಿಗೆ ಬಡಿದು ಸೂಜಿ ಮುರಿಯುತ್ತದೆ. ಹೊಸ ಕಂಚಿನ ಬುಷ್ ಬಿಗಿಯಾಗಿ ಒತ್ತಿದಾಗ ಅದರ ತೂತು ತುಸು ಕಿರಿದಾಗುತ್ತದೆ. ಆದ್ದರಿಂದ ತೂತು ಹಿಗ್ಗಿಸುವ ರೀಮರ್ ಹಾಕಿ, ಎಣ್ಣೆ ಸವರಿದ ದಂಡ ಸಲೀಸಾಗಿ ಜಾರುವಷ್ಟೇ ಕೆರೆಯಬೇಕು. ಅವಸರಪಟ್ಟರೆ ಹೊಸ ಬುಷ್ಷೂ ಹಳೆಯದರ ಹಾಗೇ ಸಡಿಲ.

ಸೂಜಿಯೂ ಸರಿಯಾದದ್ದೇ ಬೇಕು ಅನ್ನಿ: 29ಕೆ ಯಂತ್ರಕ್ಕೆ ಚರ್ಮ ಕತ್ತರಿಸುವ ಮೊನೆಯದು 29×4, ಬಟ್ಟೆಗೆ 29×3. ಆದರೆ ಹೊಸ ಪೊಟ್ಟಣ ಕೊಳ್ಳುವ ಮೊದಲು ಯಂತ್ರ ನಿಲ್ಲಿಸಿ, ದಂಡದ ಕೆಳತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲುಗಿಸಿ. ಆಡಿದರೆ ದುಡ್ಡು ಬುಷ್ಷಿಗೆ ಹಾಕಿ.