ಅಳಿಸಿಹೋದ ಮದುವೆ

ಕಾಮಿಕ್ಸ್‌ನ ಸ್ಪೈಡರ್‌ಮ್ಯಾನ್, ಅಂದರೆ ಪೀಟರ್ ಪಾರ್ಕರ್, ಮೇರಿ ಜೇನ್‌ಳನ್ನು ಮದುವೆಯಾದದ್ದು 1987ರಲ್ಲಿ. ಇಪ್ಪತ್ತು ವರ್ಷ ಓದುಗರು ಆ ಸಂಸಾರದ ಜಗಳ, ದುಡ್ಡಿನ ಚಿಂತೆ, ನೋವುಗಳನ್ನೆಲ್ಲ ತಮ್ಮ ಮನೆಯದೇ ಎಂಬಂತೆ ಕಂಡರು. 2007ರ ಕೊನೆಯಲ್ಲಿ ಬಂದ, ಅವನ ಕಾಮಿಕ್ಸ್ ಸರಣಿಯ 545ನೇ ಸಂಚಿಕೆ ಆ ಮದುವೆಯನ್ನೇ ಅಳಿಸಿಹಾಕಿತು. ಪೀಟರ್‌ನನ್ನು ಸಾಕಿದ ದೊಡ್ಡಮ್ಮ ಮೇ ಗುಂಡೇಟು ತಿಂದು ಸಾವಿನಂಚಿನಲ್ಲಿದ್ದಾಳೆ. ಅವಳ ಜೀವಕ್ಕೆ ಬದಲಾಗಿ ಮೆಫಿಸ್ಟೋ ಎಂಬ ಪಿಶಾಚಿ ಕೇಳುವುದು ಈ ದಾಂಪತ್ಯವನ್ನೇ. ಗಂಡ ಹೆಂಡತಿ ಒಪ್ಪಿಬಿಡುತ್ತಾರೆ! ಬೆಳಗಾದರೆ ಪೀಟರ್ ಒಂಟಿ. ಮದುವೆ ನಡೆದೇ ಇಲ್ಲ. ಕಥೆ ಬರೆದ ಸ್ಟ್ರಾಜಿನ್ಸ್ಕಿ ಅವರಿಗೇ ಈ ಮುಕ್ತಾಯ ಒಪ್ಪಿಗೆಯಾಗಿರಲಿಲ್ಲ; ಅದು ಸಂಪಾದಕರ ತೀರ್ಮಾನ. ಹೊಣೆ ಹೊರುವುದನ್ನು ಕಲಿತೇ ನಾಯಕನಾದ ಹುಡುಗ ಪೀಟರ್. ಇಷ್ಟು ದೊಡ್ಡ ಬೆಲೆ ತೆತ್ತ ನೆನಪನ್ನೂ ಅವನಿಗೆ ಉಳಿಸದೆ, ಸಂಪಾದಕರು ಆ ತ್ಯಾಗದ ತೂಕವನ್ನೇ ಕಳೆದುಬಿಟ್ಟರು.