ದೇವಾಲಯವನ್ನು ಓದಲು ಕಲಿಯೋಣ
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಹಳೆಯ ದೇವಾಲಯಗಳ ಕಟ್ಟಡ ಮತ್ತು ಅವುಗಳೊಳಗಿನ ಪೂಜಾ ಪರಿಕರಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ನೂರು ವರ್ಷ ತುಂಬಿದ ಯಾವ ಧರ್ಮಕೇಂದ್ರದಲ್ಲಾದರೂ ಎರಡು ಬಗೆಯ ಮಾತು ಕೇಳಿಬರುವುದು ಸಹಜ. 'ಹಳೆಯ ಕಟ್ಟಡ ಸಾಲದು, ಕೆಡವಿ ಕಾಂಕ್ರೀಟಿನ ದೊಡ್ಡ ಕಟ್ಟಡವನ್ನೇ ಕಟ್ಟೋಣ' ಎನ್ನುವವರು ಕೆಲವರು. 'ಹಿರಿಯರು ಇಟ್ಟ ಒಂದು ಕಲ್ಲನ್ನೂ ಮುಟ್ಟಬಾರದು' ಎನ್ನುವವರು ಮತ್ತೆ ಕೆಲವರು. ಇಬ್ಬರೂ ದೇವಾಲಯದ ಮೇಲಣ ಪ್ರೀತಿಯಿಂದಲೇ ಮಾತನಾಡುತ್ತಾರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾವ ತೀರ್ಮಾನಕ್ಕೂ ಮುನ್ನ ಇಬ್ಬರೂ ಮಾಡಬೇಕಾದ ಕೆಲಸವೊಂದಿದೆ. ಕಟ್ಟಿದವರು ಯಾವುದನ್ನು ಏತಕ್ಕಾಗಿ ಎಲ್ಲಿ ಇಟ್ಟರೆಂಬುದನ್ನು ನಾವು ಓದಿ ತಿಳಿಯಬೇಕು.

ಓದುವುದು ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಸುತ್ತಣ ಹಳ್ಳಿಯ ಜನ ಅದನ್ನು 'ಅಕ್ಷರಗುಂಡು' ಎಂದು ಕರೆದು ಗೌರವಿಸಿಕೊಂಡು ಬಂದರು. ಅಕ್ಷರ ಮಾತ್ರ ಯಾರಿಗೂ ತಿಳಿದಿರಲಿಲ್ಲ. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಮೇಲೆಯೇ ಅದು ಅಶೋಕ ಚಕ್ರವರ್ತಿಯ ಶಾಸನವೆಂದು ಲೋಕಕ್ಕೆ ಗೊತ್ತಾಯಿತು. ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ಮಾತು ನಮ್ಮ ಕಾಲಕ್ಕೆ ಉಳಿದುಬಂದುದರಲ್ಲಿ, ಓದಲು ಬಾರದಿದ್ದರೂ ಕಲ್ಲನ್ನು ಒಡೆಯದೆ ಬಿಟ್ಟ ಆ ಹಳ್ಳಿಗರ ಪಾಲು ದೊಡ್ಡದು. ನಮ್ಮ ದೇವಾಲಯಗಳೂ ಒಂದು ರೀತಿಯ ಅಕ್ಷರಗುಂಡುಗಳೇ. ನಾವು ಅವುಗಳನ್ನು ಗೌರವಿಸುತ್ತೇವೆ. ಓದುವುದನ್ನು ಇನ್ನೂ ಕಲಿಯಬೇಕಾಗಿದೆ.

ಶಾಸನ ಬೆಳಕಿಗೆ ಬಂದ ಆ ಕಾಲವೇ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆ ನಡೆಯುತ್ತಿದ್ದ ಕಾಲ. 1837ರಿಂದ 1901ರವರೆಗಿನ ಆ ಅವಧಿಯಲ್ಲಿ ಯೂರೋಪಿನಲ್ಲಿಯೂ ನಮ್ಮ ದೇಶದಲ್ಲಿಯೂ ಅಸಂಖ್ಯಾತ ಚರ್ಚುಗಳು ಮೇಲೆದ್ದವು. 1829ರಲ್ಲಿ ಇಂಗ್ಲೆಂಡಿನ ಕಥೋಲಿಕರ ಮೇಲಿದ್ದ ಕಾನೂನಿನ ನಿರ್ಬಂಧಗಳು ಬಹುಮಟ್ಟಿಗೆ ತೊಲಗಿದ್ದವು. ಅವರು ಮತ್ತೆ ಎಲ್ಲರ ಕಣ್ಣಿಗೆ ಕಾಣುವಂತೆ ದೇವಾಲಯಗಳನ್ನು ಕಟ್ಟತೊಡಗಿದರು. ಅವರಿಗೆ ದಾರಿ ತೋರಿಸಿದವರಲ್ಲಿ ಮುಖ್ಯನಾದವನು ಆಗಸ್ಟಸ್ ವೆಲ್ಬಿ ಪ್ಯೂಜಿನ್. 1812ರಲ್ಲಿ ಹುಟ್ಟಿ, ಯೌವನದಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿ, ನಲವತ್ತು ವರ್ಷ ಮಾತ್ರ ಬದುಕಿದ ಈ ಶಿಲ್ಪಿ 1841ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸರಳವಾದ ನಿಯಮವನ್ನು ವಿವರಿಸಿದನು. ಅನುಕೂಲಕ್ಕೆ, ಭದ್ರತೆಗೆ ಅಥವಾ ಔಚಿತ್ಯಕ್ಕೆ ಬೇಡವಾದುದು ಯಾವುದೂ ಕಟ್ಟಡದಲ್ಲಿ ಇರಕೂಡದು. ಅಲಂಕಾರವೆಂಬುದು ಅವಶ್ಯವಾದ ಭಾಗವನ್ನೇ ಚೆಲುವುಗೊಳಿಸಬೇಕು ಎಂಬುದು ಅದರ ತಾತ್ಪರ್ಯ. ಚೂಪಾದ ಕಮಾನು, ಮುಗಿಲಿಗೆ ಚಾಚಿದ ಶಿಖರ, ಬಣ್ಣದ ಗಾಜಿನ ಕಿಟಕಿ ಇವೆಲ್ಲವನ್ನೂ ಒಳಗೊಂಡ ಮಧ್ಯಯುಗದ ಗಾಥಿಕ್ ಶೈಲಿಗೆ ಹೀಗೆ ಮರುಜೀವ ಬಂದಿತು.

ಆ ಯುಗದ ಕಥೋಲಿಕ ದೇವಾಲಯವೊಂದನ್ನು ಕಾಣಲು ನಾವು ಕಡಲು ದಾಟಬೇಕಾಗಿಲ್ಲ. ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಬೆಂಗಳೂರಿನ ಶಿವಾಜಿನಗರಕ್ಕೆ ಹೋಗಿಬಂದವರೆಲ್ಲರೂ ಅದರೊಳಗೆ ಮೊಣಕಾಲೂರಿದ್ದಾರೆ. ಸಂತ ಮರಿಯಮ್ಮನವರ ಆ ದೇವಾಲಯವನ್ನು ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಯ ಫಾದರ್ ಕ್ಲೈನರ್ ಅವರು 1875ರಿಂದ 1882ರವರೆಗೆ ಕಟ್ಟಿಸಿದರು. 1882ರ ಸೆಪ್ಟೆಂಬರ್ 8ರಂದು ಧರ್ಮಾಧ್ಯಕ್ಷ ಕೊವಾಡು ಅವರು ಅದನ್ನು ಪ್ರತಿಷ್ಠಾಪಿಸಿದರು. ಕ್ಲೈನರ್ ಅವರೇ ಮುಂದೆ 1890ರಲ್ಲಿ ಮೈಸೂರಿನ ಧರ್ಮಾಧ್ಯಕ್ಷರಾದರು. ದೇವಾಲಯ 1970ರ ದಶಕದಲ್ಲಿ ಬೆಸಿಲಿಕಾ ಎಂಬ ಗೌರವಕ್ಕೆ ಪಾತ್ರವಾಯಿತು. ಸುಮಾರು 160 ಅಡಿ ಎತ್ತರದ ಗೋಪುರ, ಚೂಪು ಕಮಾನುಗಳು ಇವು ಗಾಥಿಕ್ ಶೈಲಿಯವು. ಒಳಗಿನ ಕಂಬಗಳ ತಲೆಯ ಮೇಲಣ ಎಲೆಯ ಕೆತ್ತನೆಯಾದರೋ ಗ್ರೀಕರಿಂದ ಬಂದ ಕೊರಿಂಥಿಯನ್ ಮಾದರಿಯದು. ಪ್ಯೂಜಿನ್ ಕಂಡಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದನೇನೋ! ದೇವರ ಮನೆಗೆ ತಮಗೆ ಚೆಲುವೆಂದು ತೋರಿದುದನ್ನೆಲ್ಲ ತಂದು ಕೂಡಿಸಲು ನಮ್ಮ ಮಿಷನರಿಗಳು ಹಿಂಜರಿಯಲಿಲ್ಲ.

ಈಗ ಅಂತಹ ಒಂದು ದೇವಾಲಯವನ್ನು ಮನಸ್ಸಿನಲ್ಲಿಯೇ ಪ್ರವೇಶಿಸೋಣ. ಬಾಗಿಲ ಸಮೀಪದಲ್ಲಿ ಜ್ಞಾನಸ್ನಾನದ ತೊಟ್ಟಿ ಇರುತ್ತದೆ. ಧರ್ಮಸಭೆಯನ್ನು ಪ್ರವೇಶಿಸುವುದು ಜ್ಞಾನಸ್ನಾನದಿಂದ. ಆದುದರಿಂದ ತೊಟ್ಟಿಯ ಸ್ಥಳ ಬಾಗಿಲಲ್ಲಿ. ಅನೇಕ ತೊಟ್ಟಿಗಳಿಗೆ ಎಂಟು ಮೂಲೆ. ಸೃಷ್ಟಿಯ ಏಳು ದಿನಗಳ ಆಚೆಗೆ ಪ್ರಭುವಿನ ಪುನರುತ್ಥಾನದಿಂದ ಮೊದಲಾದ ಹೊಸ ದಿನವೇ ಎಂಟನೆಯ ದಿನವೆಂದು ಪ್ರಾಚೀನ ಕ್ರೈಸ್ತರು ಎಣಿಸುತ್ತಿದ್ದರು. ಮುಂದೆ ಜನರು ನೆರೆಯುವ ಉದ್ದನೆಯ ಅಂಗಣ. ಅದಕ್ಕಿರುವ ಹೆಸರು ಲ್ಯಾಟಿನ್ನಿನ 'ನಾವಿಸ್' ಎಂಬ ಮಾತಿನಿಂದ ಬಂದುದು. ಆ ಮಾತಿಗೂ ನಮ್ಮ 'ನಾವೆ'ಗೂ ಅರ್ಥ ಒಂದೇ, ಮೂಲವೂ ಒಂದೇ. ಪೇತ್ರನ ದೋಣಿಯಲ್ಲಿ ಕುಳಿತವರಂತೆ ನಾವೆಲ್ಲರೂ ಒಂದೇ ದಿಕ್ಕಿಗೆ ಸಾಗುತ್ತಿರುವವರು. ಎರಡೂ ಪಕ್ಕದ ಗೋಡೆಗಳ ಮೇಲಣ ಶಿಲುಬೆಯ ಹಾದಿಯ 14 ಸ್ಥಳಗಳು, ಜೆರುಸಲೇಮಿನ ಯಾತ್ರೆ ಮಾಡಲಾರದ ಬಡವನಿಗೂ ಆ ಯಾತ್ರೆಯನ್ನು ದೊರಕಿಸಿಕೊಡುತ್ತವೆ.

ಬಣ್ಣದ ಗಾಜಿನ ಕಿಟಕಿಗಳನ್ನು ಮೊಳಕಾಲ್ಮೂರಿನ ನೇಕಾರರು ಬೇಗ ಅರ್ಥಮಾಡಿಕೊಳ್ಳಬಲ್ಲರು. ಸೀರೆಯ ಒಡಲಿನ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆ. ಅವೆರಡನ್ನೂ ಮಗ್ಗದ ಮೇಲೆಯೇ ಬಿಡದಂತೆ ಕೂಡಿಸುವುದರಲ್ಲಿದೆ ಕಸಬಿನ ಗುಟ್ಟು. ಕಿಟಕಿಯಲ್ಲಿಯೂ ಅಷ್ಟೇ. ಗಾಜು ಕರಗಿರುವಾಗಲೇ ಕೋಬಾಲ್ಟನ್ನು ಬೆರೆಸಿದರೆ ನೀಲಿ, ತಾಮ್ರವನ್ನೋ ಚಿನ್ನವನ್ನೋ ಬೆರೆಸಿದರೆ ಕೆಂಪು. ಬೆಳ್ಳಿಯ ಲವಣವನ್ನು ಗಾಜಿಗೆ ಬಳಿದು ಸುಟ್ಟರೆ ಹಳದಿ. ಸಂತರ ಮುಖ, ಬಟ್ಟೆಯ ಮಡಿಕೆಗಳನ್ನು ಕಪ್ಪು ಬಣ್ಣದಲ್ಲಿ ಬರೆದು ಕುಲುಮೆಯಲ್ಲಿ ಸುಡುತ್ತಾರೆ. ಬಳಿಕ ತುಂಡುಗಳನ್ನೆಲ್ಲ ಸೀಸದ ಪಟ್ಟಿಗಳಿಂದ ಜೋಡಿಸಿ, ಕಬ್ಬಿಣದ ಸರಳುಗಳ ಆಸರೆ ಕೊಡುತ್ತಾರೆ. ಓದು ಬಾರದವರಿಗೆ ಶುಭಸಂದೇಶವನ್ನು ಬೆಳಕೇ ಓದಿ ಹೇಳಲಿ ಎಂಬುದು ಇದರ ಉದ್ದೇಶ.

ಅಂಗಣ ಮುಗಿಯುವಲ್ಲಿ, ಬಲಿಪೀಠದ ಎದುರಿಗೆ, ಮರದ ಅಥವಾ ಕಲ್ಲಿನ ಗಿಡ್ಡ ಕಟಕಟೆ. ಹಿಂದೆ ಜನರು ಅಲ್ಲಿ ಸಾಲಾಗಿ ಮೊಣಕಾಲೂರಿ ಪರಮಪ್ರಸಾದ ಸ್ವೀಕರಿಸುತ್ತಿದ್ದರು. ಅದರ ಮೇಲೆ ಬಿಳಿಯ ಬಟ್ಟೆ ಹಾಸುವ ರೂಢಿಯಿತ್ತು. ತಡೆಯಂತೆ ಕಂಡರೂ ಅದು ಬಲಿಪೀಠವೆಂಬ ಭೋಜನದ ಮೇಜು ಜನರತ್ತ ಚಾಚಿದ ಕೈಯಾಗಿತ್ತು. ಬಲಿಪೀಠದೊಳಗೆ ಸಂತರ ಅವಶೇಷಗಳನ್ನಿಡುವುದು, ರಕ್ತಸಾಕ್ಷಿಗಳ ಸಮಾಧಿಗಳ ಬಳಿ ಪೂಜೆ ನಡೆಸುತ್ತಿದ್ದ ಆದಿ ಕ್ರೈಸ್ತರ ನೆನಪಿಗಾಗಿ. ಪರಮಪ್ರಸಾದದ ಪೆಟ್ಟಿಗೆಯ ಮುಂದೆ ಆರದೆ ಉರಿಯುವ ದೀಪ ಪ್ರಭುವಿನ ಸಾನ್ನಿಧ್ಯವನ್ನು ಸಾರುತ್ತದೆ. ಮೇಲೆ ಗೋಪುರದಲ್ಲಿರುವ ಗಂಟೆಯನ್ನು ಧರ್ಮಾಧ್ಯಕ್ಷರು ಪವಿತ್ರ ಜಲದಿಂದ ತೊಳೆದು, ತೈಲ ಲೇಪಿಸಿ, ಸಂತರೊಬ್ಬರ ಹೆಸರಿಡುತ್ತಿದ್ದರು. ಗಡಿಯಾರವಿಲ್ಲದ ಮನೆಗಳಿಗೆ ಅದರ ಮೂರು ಹೊತ್ತಿನ ನಾದವೇ ಪ್ರಾರ್ಥನೆಯ ಕರೆಯಾಗಿತ್ತು.

ಪರದೇಶದ ಈ ಶೈಲಿ ನಮ್ಮ ನಾಡಿನಲ್ಲಿ ಬೇರೂರಿದುದು ನಮ್ಮ ಕೈಗಳಿಂದ. ಕಲ್ಲು ಒಡೆದವರು, ಸುಣ್ಣ ಅರೆದವರು, ಮರ ಕೆತ್ತಿದವರು ಈ ನೆಲದವರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಎಷ್ಟೋ ಚರ್ಚುಗಳ ಮಾಡಿಗೆ ಮಂಗಳೂರು ಹೆಂಚು ಬಂದಿತು. ಅದೇ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆ ಮತ್ತು ಛಾವಣಿಗಳನ್ನು ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೆನಿ ಅವರು 1899ರಿಂದ ಸುಮಾರು ಎರಡು ವರ್ಷ ದುಡಿದು ಚಿತ್ರಗಳಿಂದ ತುಂಬಿದರು. ಅವರು 1905ರಲ್ಲಿ ನಮ್ಮ ದೇಶದಲ್ಲಿಯೇ ತೀರಿಕೊಂಡರು. ಚಿತ್ರಗಳು ಇಂದಿಗೂ ಧ್ಯಾನಕ್ಕೆ ಒದಗುತ್ತಿವೆ.

ಇಷ್ಟೆಲ್ಲ ಹೇಳಿದ ಮೇಲೆ, ಬದಲಾವಣೆಯೇ ತಪ್ಪು ಎಂದು ಯಾರೂ ಭಾವಿಸಬಾರದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪೂಜಾವಿಧಿಯನ್ನು ಕುರಿತ ತನ್ನ ಶಾಸನವನ್ನು ಹೊರಡಿಸಿತು. ಆ ಬಳಿಕ ಪೂಜೆ ಕನ್ನಡಕ್ಕೆ ಬಂದಿತು. ಗುರುಗಳು ಜನರ ಕಡೆಗೆ ಮುಖಮಾಡಿ ನಿಲ್ಲಲು ಬಲಿಪೀಠ ಗೋಡೆಯಿಂದ ಮುಂದೆ ಬಂದಿತು. ಇದು ನಮಗೆ ದೊರೆತ ದೊಡ್ಡ ಕೃಪೆ. ಆದರೆ ಈ ಉತ್ಸಾಹದಲ್ಲಿ ಲೋಕದ ಅನೇಕ ಕಡೆ ಹಳೆಯ ಕಟಕಟೆಗಳು, ಉಪದೇಶ ಪೀಠಗಳು, ಪ್ರತಿಮೆಗಳು ಗುಜರಿಯ ಪಾಲಾದವು. ಇದನ್ನು ಕಂಡೇ ರೋಮಾಪುರಿಯ ಗುರುವರ್ಗದ ಆಡಳಿತ ಮಂಡಳಿಯು 1971ರ ಏಪ್ರಿಲ್ 11ರಂದು ಎಲ್ಲ ಧರ್ಮಾಧ್ಯಕ್ಷರ ಪರಿಷತ್ತುಗಳಿಗೆ ಪತ್ರ ಬರೆದು, ಪೂಜಾವಿಧಿಯ ಸುಧಾರಣೆಯ ಹೆಸರಿನಲ್ಲಿ ಪವಿತ್ರ ಕಲಾವಸ್ತುಗಳನ್ನು ಕಳೆಯಬಾರದೆಂದು ಎಚ್ಚರಿಸಿತು. 1983ರ ಧರ್ಮಸಭಾ ಕಾನೂನಿನ 1283ನೆಯ ವಿಧಿಯು ದೇವಾಲಯದ ಸ್ಥಿರಾಸ್ತಿಗೂ ಬೆಲೆಯುಳ್ಳ ವಸ್ತುಗಳಿಗೂ ವಿವರವಾದ ಪಟ್ಟಿ ಇರಬೇಕೆಂದು ವಿಧಿಸುತ್ತದೆ.

ಕಳೆದುಕೊಳ್ಳುವುದು ಎಷ್ಟು ಸುಲಭ, ಉಳಿಸಿಕೊಳ್ಳುವುದು ಎಷ್ಟು ಶ್ರಮ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನಗಳಿವೆ. ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ಗಾಥಿಕ್ ದೇವಾಲಯವು ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿತು. ಜನರು ಬೇರೆಡೆಗೆ ಹೋದರು. ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ಎದ್ದು, ವರ್ಷವರ್ಷವೂ ಅದು ಕರಗುತ್ತಿದೆ. ಅಣೆಕಟ್ಟಿನಿಂದ ರೈತರಿಗೆ ನೀರು ಬಂದಿದೆ. ಬಯಲುಸೀಮೆಯವರಾದ ನಾವು ಅದನ್ನು ಹಗುರಾಗಿ ಕಾಣಲಾರೆವು. ಆದರೂ ಚಾವಣಿಯಿಲ್ಲದ ಆ ಗೋಡೆಗಳು, ಜನರ ಪ್ರಾರ್ಥನೆಯೂ ಆರೈಕೆಯೂ ತಪ್ಪಿದ ದೇವಾಲಯದ ಗತಿ ಏನೆಂಬುದನ್ನು ಹೇಳುತ್ತವೆ. ಇದಕ್ಕೆ ಪ್ರತಿಯಾಗಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಿವಾಜಿನಗರದ ದೇವಾಲಯದ ಬಣ್ಣದ ಕಿಟಕಿಗಳನ್ನು ಬಿಚ್ಚಿ ತೆಗೆದಿಡಲಾಯಿತು. 1947ರಲ್ಲಿ ಅವುಗಳನ್ನು ಮತ್ತೆ ಸ್ವಸ್ಥಾನದಲ್ಲಿ ಕೂಡಿಸಲಾಯಿತು. ಯುದ್ಧದ ಕಷ್ಟಕಾಲದಲ್ಲಿ ಗಾಜಿನ ತುಂಡುಗಳನ್ನು ಜೋಪಾನ ಮಾಡಿದ ಆ ಭಕ್ತರ ತಾಳ್ಮೆಯಿಂದಲೇ ಇಂದು ನಮ್ಮ ಮಕ್ಕಳು ಆ ಬಣ್ಣಗಳನ್ನು ಕಾಣುತ್ತಿದ್ದಾರೆ.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ದೇವಾಲಯಗಳಿಗೆ ಅಷ್ಟೆತ್ತರದ ಗೋಪುರ ಬೇಕಾಗಿಲ್ಲ. ಚಿಕ್ಕ ಮಂದಿರವಾದರೂ ಅಲ್ಲೊಂದು ಹಳೆಯ ಗಂಟೆ, ಒಂದು ಪಾತ್ರೆ, ಅಂಚು ಸವೆದ ಬೆಂಚು, ಜ್ಞಾನಸ್ನಾನದ ದಾಖಲೆ ಪುಸ್ತಕ ಇದ್ದರೆ ಅದೂ ಅಕ್ಷರವೇ. ಆದುದರಿಂದ ಮೂರು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ. ಮೊದಲನೆಯದು, ಒಂದು ಪುಸ್ತಕ ಹೊಲಿಸಿ, ದೇವಾಲಯದಲ್ಲಿರುವ ಪ್ರತಿಯೊಂದು ವಸ್ತುವಿನ ಅಳತೆ, ಚಿತ್ರ, ಕೊಟ್ಟವರ ಹೆಸರು ಇವುಗಳನ್ನು ಬರೆದಿಡಿ. ವೃದ್ಧರು ನಮ್ಮ ನಡುವೆ ಇರುವಾಗಲೇ ಅವರನ್ನು ಕೇಳಿರಿ. ಎರಡನೆಯದು, ಹಳೆಯ ಗಾರೆಯ ಗೋಡೆಗೆ ಸಿಮೆಂಟು ಮೆತ್ತಬೇಡಿ. ಸುಣ್ಣದ ಗಾರೆ ಉಸಿರಾಡುತ್ತದೆ. ಸಿಮೆಂಟು ತೇವವನ್ನು ಒಳಗೇ ಕೂಡಿಹಾಕಿ ಕಲ್ಲನ್ನೂ ಇಟ್ಟಿಗೆಯನ್ನೂ ತಿನ್ನಿಸುತ್ತದೆ. ಕಿಟಕಿಯ ಸೀಸ ಸುಮಾರು ನೂರು ವರ್ಷಕ್ಕೆ ಬಲ ಕುಗ್ಗಿ ಗಾಜು ಉಬ್ಬಿದರೆ, ಬಲ್ಲವರಿಂದಲೇ ಸರಿಪಡಿಸಿರಿ. ಮೂರನೆಯದು, ಏನನ್ನಾದರೂ ತೆಗೆಯಲೇಬೇಕಾಗಿ ಬಂದಲ್ಲಿ ಧರ್ಮಾಧ್ಯಕ್ಷರ ಅನುಮತಿ ಪಡೆದು, ಅದು ಏನಾಗಿತ್ತು, ಎಲ್ಲಿತ್ತು, ಏಕೆ ತೆಗೆದೆವು ಎಂಬುದನ್ನು ಅದೇ ಪುಸ್ತಕದಲ್ಲಿ ಬರೆಯಿರಿ.

ಜನ ಹೆಚ್ಚಿ ದೇವಾಲಯ ಸಾಲದಾದರೆ ಹೊಸದನ್ನು ಕಟ್ಟುವುದೂ ಧರ್ಮವೇ. ಆಗಲೂ ಹಳೆಯ ತೊಟ್ಟಿ ಹೊಸ ಬಾಗಿಲಿನ ಬಳಿ ನಿಲ್ಲಲಿ, ಹಳೆಯ ಗಂಟೆ ಹೊಸ ಗೋಪುರದಲ್ಲಿ ತೂಗಲಿ. ಅಜ್ಜ ಅಜ್ಜಿಯರು ಜ್ಞಾನಸ್ನಾನ ಪಡೆದ ತೊಟ್ಟಿಯಲ್ಲಿಯೇ ಮೊಮ್ಮಕ್ಕಳೂ ಜ್ಞಾನಸ್ನಾನ ಪಡೆಯುವಂತಾಗಲಿ. ಪ್ರಭುವಿನ ಆಶೀರ್ವಾದ ನಮ್ಮೆಲ್ಲರ ಮೇಲಿರಲಿ.